ಎಷ್ಟೋ ವರ್ಷದ ಮೇಲೆ ಮತ್ತೆ ಪ್ರೊಜೆಕ್ಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಕಾಲಕ್ಕೆ ಮನೆಯಲ್ಲೇ ಪರದೆ ಕಟ್ಟಿ ಸಿನಿಮಾ ನೋಡುತ್ತಿದ್ದವರು ತುಂಬ ಜನ. ಮದುವೆ, ಮಕ್ಕಳು, ಮನೆ ಸಾಲ ಅಂತ ಆ ಹವ್ಯಾಸ ಹಿಂದೆ ಬಿತ್ತು. ಈಗ ಮತ್ತೆ ಶುರು ಮಾಡೋಣ ಅಂತ ಹೊರಟವರು ಫೋನಿನಲ್ಲಿ, ಮೆಸೇಜಿನಲ್ಲಿ, ಮನೆಗೆ ಬಂದಾಗ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಪ್ರಶ್ನೆಗಳು ಅವರವರ ಮಾತಿನಲ್ಲೇ ಇವೆ. ಉತ್ತರಗಳ ಹಿಂದೆ ನನ್ನದೊಂದು ಗಟ್ಟಿ ನಂಬಿಕೆ ಇದೆ: ಕೋಣೆ ಮೊದಲು, ಯಂತ್ರ ಆಮೇಲೆ.

## ಮತ್ತೆ ಶುರು ಮಾಡುವಾಗ

ನಾನು ಬಿಟ್ಟು ಹದಿನೈದು ವರ್ಷ ಆಯ್ತು. ಈಗ ಏನೇನು ಬದಲಾಗಿದೆ?

ಮುಖ್ಯವಾಗಿ ಬೆಳಕು ಬದಲಾಗಿದೆ. ಆಗ ಪಾದರಸದ ಲ್ಯಾಂಪ್ ಇತ್ತು, ಈಗ ಲೇಸರ್ ಮತ್ತು ಎಲ್‌ಇಡಿ ಬಂದಿವೆ. ಚಿತ್ರ 1920×1080ರಿಂದ 3840×2160ಕ್ಕೆ ಏರಿದೆ. ಅಂದ್ರೆ ಚುಕ್ಕೆಗಳು ನಾಲ್ಕು ಪಟ್ಟು, ಇದಕ್ಕೇ 4ಕೆ ಅಂತಾರೆ. ಕಡು ಕತ್ತಲಿಂದ ಕಡು ಬೆಳಕಿನವರೆಗೆ ಹೆಚ್ಚು ಹರವು ತೋರಿಸುವ ಎಚ್‌ಡಿಆರ್ ಅನ್ನೋದು ಹೊಸದು, ಅದರ ತಲೆನೋವೂ ಹೊಸದು. ಡಾಲ್ಬಿ ಅಟ್ಮಾಸ್ 2012ರಲ್ಲಿ ಚಿತ್ರಮಂದಿರಕ್ಕೆ ಬಂತು, 2014ರಲ್ಲಿ ಮನೆಗೂ ಬಂತು. ಹಾಗಾಗಿ ತಲೆ ಮೇಲಿಂದಲೂ ಶಬ್ದ ಕೇಳಿಸುವ ವ್ಯವಸ್ಥೆ ಈಗ ಸಾಮಾನ್ಯ. ಡಿಸ್ಕಿನ ಜಾಗಕ್ಕೆ ಓಟಿಟಿ ಬಂದಿದೆ.

ಬದಲಾಗದೇ ಇರೋದು ಕತ್ತಲು, ಕೂರುವ ದೂರ, ಪರದೆಯ ಅಳತೆ. ಆಗ ಇವನ್ನು ಕಲಿತಿದ್ದರೆ ನಿಮ್ಮ ಅರ್ಧ ಕೆಲಸ ಮುಗಿದ ಹಾಗೆ.

ಅಟ್ಟದ ಮೇಲಿರೋ ಹಳೇ ಪ್ರೊಜೆಕ್ಟರ್ ಎಸೀಬೇಕಾ?

ಎಸೆಯಬೇಡಿ. ಮೊದಲು ಕೆಳಗಿಳಿಸಿ, ಫಿಲ್ಟರ್ ತೆಗೆದು ಧೂಳು ಕೊಡವಿ, ಅರ್ಧ ಗಂಟೆ ಓಡಿಸಿ ನೋಡಿ. ಮೆನುವಿನಲ್ಲಿ ಲ್ಯಾಂಪ್ ಎಷ್ಟು ಗಂಟೆ ಉರಿದಿದೆ ಅಂತ ಇರುತ್ತೆ. ಹಳೇ ಲ್ಯಾಂಪುಗಳ ಆಯಸ್ಸು ಸಾಮಾನ್ಯವಾಗಿ 2,000ದಿಂದ 4,000 ಗಂಟೆ. ಕೊನೆಗೆ ಬರುವ ಹೊತ್ತಿಗೆ ಬೆಳಕು ಅರ್ಧಕ್ಕೆ ಇಳಿದಿರುತ್ತೆ. ಚಿತ್ರ ಮಂಕಾಗಿದ್ದರೆ ಅದು ಯಂತ್ರದ ತಪ್ಪೇ ಆಗಬೇಕಿಲ್ಲ, ಲ್ಯಾಂಪ್ ಬದಲಿಸಿದರೆ ಸರಿಹೋಗಬಹುದು.

ಇನ್ನು ಕೆಲವು ಲಕ್ಷಣಗಳಿವೆ. ಎಲ್‌ಸಿಡಿ, ಡಿಎಲ್‌ಪಿ ಅಂದ್ರೆ ಪ್ರೊಜೆಕ್ಟರ್ ಚಿತ್ರ ಮೂಡಿಸುವ ಬೇರೆ ಬೇರೆ ವಿಧಾನಗಳು. ಎಲ್‌ಸಿಡಿಯಲ್ಲಿ ಇಡೀ ಚಿತ್ರ ಹಳದಿಗೆ ತಿರುಗಿದ್ದರೆ ಒಳಗೆ ಬೆಳಕು ಸೋಸುವ ಪೋಲರೈಸರ್ ಹಾಳೆ ಸುಟ್ಟಿರಬಹುದು. ಡಿಎಲ್‌ಪಿಯಲ್ಲಿ ಬಿಳಿ ಚುಕ್ಕೆಗಳು ಉದುರಿದ ಹಾಗೆ ಕಂಡರೆ ಚಿಪ್ಪಿನ ಪುಟ್ಟ ಕನ್ನಡಿಗಳು ಕೆಟ್ಟಿವೆ. ಇವೆರಡಕ್ಕೆ ಹಣ ಹಾಕಬೇಡಿ. ಲ್ಯಾಂಪಿನಲ್ಲಿ ಪಾದರಸ ಇರೋದರಿಂದ ಕಸದ ಡಬ್ಬಿಗೆ ಹಾಕದೆ ಇ-ವೇಸ್ಟ್ ತಗೊಳ್ಳುವವರಿಗೇ ಕೊಡಿ.

ಯಂತ್ರ ಚೆನ್ನಾಗಿದ್ದರೆ ಕೆಲವು ತಿಂಗಳು ಅದರಲ್ಲೇ ನೋಡಿ. ಹವ್ಯಾಸ ನಿಜವಾಗಿ ಮರಳಿದೆಯೋ ಅಥವಾ ಬರೀ ನೆನಪಿನ ಎಳೆತವೋ ಅಂತ ಆಗ ಗೊತ್ತಾಗುತ್ತೆ.

98 ಇಂಚಿನ ಟಿವಿನೇ ಸಿಗುತ್ತಲ್ಲ, ಪ್ರೊಜೆಕ್ಟರ್ ಯಾಕೆ ಬೇಕು?

ನಿಮ್ಮ ಹಾಲ್‌ಗೆ ಎರಡು ಕಡೆಯಿಂದ ಬೆಳಕು ಬರುತ್ತೆ, ಮಧ್ಯಾಹ್ನ ಕ್ರಿಕೆಟ್ ನೋಡ್ತೀರಿ, ಕರ್ಟನ್ ಎಳೆಯೋಕೆ ಮನೆಯವರು ಒಪ್ಪಲ್ಲ ಅಂದರೆ ಟಿವಿನೇ ತಗೊಳ್ಳಿ. ಬೆಳಕಿನಲ್ಲಿ ಪ್ರೊಜೆಕ್ಟರ್ ಟಿವಿಯನ್ನು ಮೀರಿಸೋದಿಲ್ಲ. ಆದರೆ ಕೊಳ್ಳುವ ಮುಂಚೆ ಲಿಫ್ಟ್ ಅಳೆಯಿರಿ. 98 ಇಂಚಿನ ಟಿವಿ ಸುಮಾರು 2.2 ಮೀಟರ್ ಅಗಲ, ಡಬ್ಬ ಇನ್ನೂ ದೊಡ್ಡದು. ಎಷ್ಟೋ ಅಪಾರ್ಟ್‌ಮೆಂಟ್‌ಗಳಲ್ಲಿ ಅದನ್ನು ಮೆಟ್ಟಿಲ ಮೇಲೇ ಹೊರಬೇಕು.

ಸಂಜೆ ಮೇಲೆ, ಕತ್ತಲು ಮಾಡಿಕೊಂಡು, ಸಿನಿಮಾನ ಸಿನಿಮಾ ತರಹ ನೋಡಬೇಕು ಅನ್ನೋರಿಗೆ ಪ್ರೊಜೆಕ್ಟರ್. ಪರದೆಯಿಂದ ತಿರುಗಿ ಬರುವ ಬೆಳಕು ಕಣ್ಣಿಗೆ ಹಿತ. 120 ಇಂಚಿಗೆ ಹೋದರೂ ಖರ್ಚು ಟಿವಿಯ ಹಾಗೆ ಜಿಗಿಯೋದಿಲ್ಲ. ಬೇಡದಾಗ ಪರದೆ ಸುತ್ತಿಟ್ಟರೆ ಗೋಡೆ ಮತ್ತೆ ಗೋಡೆ.

ಹತ್ತು ಸಾವಿರಕ್ಕೆ "4ಕೆ, 12,000 ಲುಮೆನ್ಸ್" ಅಂತ ಬರುತ್ತಲ್ಲ, ತಗೊಳ್ಳಬಹುದಾ?

ಬೇಡ. ಆ 4ಕೆ ಅಂದ್ರೆ 4ಕೆ ಸಿಗ್ನಲ್ ಒಳಗೆ ತಗೊಳ್ಳುತ್ತೆ ಅಂತ ಮಾತ್ರ. ಪರದೆ ಮೇಲೆ ಬರೋದು 1080 ಅಥವಾ ಅದಕ್ಕೂ ಕಡಿಮೆ. ಲುಮೆನ್ಸ್ ಅಂದ್ರೆ ಯಂತ್ರ ಚೆಲ್ಲುವ ಬೆಳಕಿನ ಅಳತೆ. ಅದರ ಪಕ್ಕದಲ್ಲಿ ಆನ್ಸಿ ಅಥವಾ ಐಎಸ್‌ಒ ಅನ್ನೋ ಮಾನದಂಡದ ಹೆಸರು ಇಲ್ಲದಿದ್ದರೆ ಆ ಸಂಖ್ಯೆಗೆ ಅರ್ಥವಿಲ್ಲ. ಇಂಥವುಗಳಲ್ಲಿ ಓಟಿಟಿ ಆ್ಯಪ್‌ಗಳಿಗೆ ಸರಿಯಾದ ಪರವಾನಗಿ ಇರೋದಿಲ್ಲ. ಹಾಗಾಗಿ ಎಚ್‌ಡಿಯಲ್ಲಿ ಓಡಬೇಕಾದ ಸಿನಿಮಾ ಮಸುಕಾಗಿ ಓಡುತ್ತೆ. ಅದೇ ಹಣಕ್ಕೆ ಒಳ್ಳೇ ಕರ್ಟನ್ ಬರುತ್ತೆ.

## ಕೋಣೆ ಮತ್ತು ಪರದೆ

ನಮ್ಮದು ಹತ್ತು ಬೈ ಹನ್ನೆರಡರ ರೂಮು. ನೂರು ಇಂಚು ಹಿಡಿಸುತ್ತಾ?

ಆರಾಮಾಗಿ. 16:9 ಅಳತೆಯ ನೂರು ಇಂಚಿನ ಪರದೆ 2.21 ಮೀಟರ್ ಅಗಲ, 1.25 ಮೀಟರ್ ಎತ್ತರ. ಹತ್ತು ಅಡಿ ಗೋಡೆ ಅಂದ್ರೆ 3.05 ಮೀಟರ್. ಎರಡೂ ಪಕ್ಕ ಸ್ಪೀಕರಿಗೆ ಜಾಗ ಉಳಿಯುತ್ತೆ.

ಪ್ರೊಜೆಕ್ಟರ್ ಎಷ್ಟು ದೂರ ಇರಬೇಕು ಅನ್ನೋದಕ್ಕೆ ಥ್ರೋ ರೇಶಿಯೋ ನೋಡಿ. ಪರದೆಯ ಅಗಲವನ್ನು ಅದರಿಂದ ಗುಣಿಸಿದರೆ ದೂರ ಸಿಗುತ್ತೆ. 1.2 ಇದ್ದರೆ 2.65 ಮೀಟರ್, 1.5 ಇದ್ದರೆ 3.3 ಮೀಟರ್. ನಿಮ್ಮ ರೂಮಿನ ಉದ್ದ 3.66 ಮೀಟರ್. ಯಂತ್ರದ ಮೈ, ಹಿಂದಿನ ಕೇಬಲ್, ಗಾಳಿಯಾಡುವ ಜಾಗ ಕಳೆದರೆ 1.4ರ ಒಳಗಿನದ್ದೇ ನಿಮಗೆ ಸರಿ.

ಕೂರುವ ದೂರ ಸುಮಾರು 3 ಮೀಟರ್ ಇದ್ದರೆ ಚಿತ್ರ ಕಣ್ಣಿನಲ್ಲಿ 40 ಡಿಗ್ರಿ ತುಂಬುತ್ತೆ. ಒಳ್ಳೇ ಚಿತ್ರಮಂದಿರದ ನಡುವಿನ ಸಾಲಿನ ಅನುಭವ ಅದು. 4.1 ಮೀಟರಿಗೆ ಹೋದರೆ 30 ಡಿಗ್ರಿ. ನಿಮ್ಮ ರೂಮಿಗೆ ನೂರು ಇಂಚೇ ಸರಿಯಾದ ಅಳತೆ, 120ರ ಆಸೆ ಬಿಡಿ. ಪರದೆ 100ರಿಂದ 120ಕ್ಕೆ ಹೋದರೆ ಅದರ ವಿಸ್ತೀರ್ಣ ಶೇ 44 ಹೆಚ್ಚುತ್ತೆ. ಇರೋ ಬೆಳಕೇ ಅಷ್ಟು ಜಾಗಕ್ಕೆ ಹರಡಿ ತೆಳುವಾಗುತ್ತೆ.

ಬಾಡಿಗೆ ಮನೆ. ಸೀಲಿಂಗಿಗೆ ಡ್ರಿಲ್ ಹಾಕೋಕೆ ಓನರ್ ಬಿಡಲ್ಲ. ಏನು ಮಾಡಲಿ?

ಹಿಂದಿನ ಗೋಡೆಗೆ ಒಂದು ಎತ್ತರದ ಪುಸ್ತಕದ ಶೆಲ್ಫ್ ಇಡಿ, ಅದರ ಮೇಲೆ ಪ್ರೊಜೆಕ್ಟರ್. ಇದಕ್ಕೆ ಲೆನ್ಸ್ ಶಿಫ್ಟ್ ಇರುವ ಮಾದರಿ ಬೇಕು. ಲೆನ್ಸನ್ನೇ ಮೇಲೆ ಕೆಳಗೆ ಸರಿಸಿ ಚಿತ್ರವನ್ನು ಪರದೆಗೆ ಕೂರಿಸಬಹುದು, ಸ್ಪಷ್ಟತೆ ಹಾಳಾಗಲ್ಲ. ಕೀಸ್ಟೋನ್ ಬೇರೆ ವಿಷಯ. ಅದು ಚಿತ್ರವನ್ನು ಡಿಜಿಟಲ್ ಆಗಿ ಕತ್ತರಿಸಿ ನೇರ ಮಾಡುತ್ತೆ, ಚುಕ್ಕೆಗಳು ಹೋಗುತ್ತವೆ. ತುರ್ತಿಗೆ ಸರಿ, ದಿನಾ ಬೇಡ.

ಸ್ವಂತ ಮನೆಯವರಿಗೂ ಒಂದು ಮಾತು. ಜಿಪ್ಸಮ್ ಫಾಲ್ಸ್ ಸೀಲಿಂಗಿಗೆ ಮೌಂಟ್ ಬಿಗಿಯಬೇಡಿ. ಆ್ಯಂಕರ್ ಬೋಲ್ಟ್ ಮೇಲಿನ ಆರ್‌ಸಿಸಿ ಸ್ಲ್ಯಾಬಿಗೇ ಹೋಗಬೇಕು.

ಪರದೆ ಬೇಕೇ ಬೇಕಾ? ಬಿಳಿ ಗೋಡೆ ಸಾಕಲ್ವಾ?

ಶುರುವಿಗೆ ಸಾಕು. ಗೋಡೆಗೆ ನೀಟಾಗಿ ಪುಟ್ಟಿ ಹಾಕಿಸಿ, ಉಜ್ಜಿಸಿ, ಹೊಳಪಿಲ್ಲದ ಮ್ಯಾಟ್ ಬಿಳಿ ಎಮಲ್ಷನ್ ಹೊಡೆಸಿ. ಹೊಳಪಿನ ಪೇಂಟಾದರೆ ಚಿತ್ರದ ನಡುವೆ ಬೆಳಕಿನ ಮಚ್ಚೆ ಬೀಳುತ್ತೆ. ಸುತ್ತ ಮೂರ್ನಾಲ್ಕು ಇಂಚು ಅಗಲದ ಕಪ್ಪು ವೆಲ್ವೆಟ್ ಪಟ್ಟಿ ಅಂಟಿಸಿ. ಚಿಕ್ಕಪೇಟೆಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತೆ. ಅಷ್ಟು ಪಟ್ಟಿಯಿಂದಲೇ ಚಿತ್ರಕ್ಕೆ ಎಷ್ಟು ಗಟ್ಟಿತನ ಬರುತ್ತೆ ಅಂತ ನೀವೇ ನೋಡಿ.

ಹಳೇ ಮ್ಯಾಟ್ ಬಿಳಿ ಪರದೆ ಇದ್ದರೆ, ಹಳದಿಯಾಗದೆ, ಸುಕ್ಕಾಗದೆ ಇದ್ದರೆ, 4ಕೆಗೂ ಅದೇ ನಡೆಯುತ್ತೆ. ಎಳೆಯುವ ಪರದೆಯನ್ನು ಕೆಲಸ ಮುಗಿದ ಮೇಲೆ ಸುತ್ತಿಬಿಡಿ. ನಮ್ಮ ಮನೆಗಳಲ್ಲಿ ಹಲ್ಲಿ ಇದ್ದೇ ಇರುತ್ತೆ, ಅದರ ಕಲೆ ಪರದೆಯಿಂದ ಹೋಗಲ್ಲ.

ದಪ್ಪ ಕರ್ಟನ್ ಹಾಕಿದೀನಿ, ಆದರೂ ಕಪ್ಪು ಬೂದಿಯಾಗಿ ಕಾಣುತ್ತೆ. ಪ್ರೊಜೆಕ್ಟರ್ ಸರಿ ಇಲ್ವಾ?

ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದು. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಪ್ರಶ್ನೆಯೂ ಇದೇ.

ಪ್ರೊಜೆಕ್ಟರಿಗೆ ಕಪ್ಪು ಬಿಡಿಸೋಕೆ ಬರಲ್ಲ. ಅದು ಬೆಳಕು ಮಾತ್ರ ಚೆಲ್ಲುತ್ತೆ. ಕಪ್ಪು ಅಂದ್ರೆ ಬೆಳಕು ಬೀಳದ ಜಾಗ. ಹೊರಗಿನ ಬೆಳಕು ತಡೆದಿರಿ, ಸರಿ. ಆದರೆ ಪರದೆಯಿಂದಲೇ ಚಿಮ್ಮುವ ಬೆಳಕು ಎಲ್ಲಿಗೆ ಹೋಗುತ್ತೆ? ನಮ್ಮ ಮನೆಗಳನ್ನು ನೋಡಿ: ಬಿಳಿ ಸೀಲಿಂಗ್, ಕೆನೆ ಬಣ್ಣದ ಗೋಡೆ, ಕೆಳಗೆ ಮಿರಮಿರ ಮಿಂಚುವ ವಿಟ್ರಿಫೈಡ್ ಟೈಲ್ಸ್. ಪರದೆಯ ಬೆಳಕು ಇವಕ್ಕೆಲ್ಲ ತಾಗಿ ಮತ್ತೆ ಪರದೆ ಮೇಲೇ ಬೀಳುತ್ತೆ. ಕಪ್ಪು ಬೂದಿಯಾಗೋದು ಹಾಗೆ. ಎಷ್ಟು ದುಬಾರಿ ಯಂತ್ರ ತಂದರೂ ಈ ಕೋಣೆ ಅದನ್ನು ಸಾಧಾರಣ ಯಂತ್ರ ಮಾಡಿಬಿಡುತ್ತೆ.

ಪರಿಹಾರಕ್ಕೆ ಭಾರಿ ಖರ್ಚಿಲ್ಲ. ಪರದೆಗೂ ಸೋಫಾಗೂ ನಡುವೆ ಒಂದು ಗಾಢ ಬಣ್ಣದ ಜಮಖಾನ ಹಾಸಿ. ಪರದೆ ಹತ್ತಿರದ ಸೀಲಿಂಗ್ ಮತ್ತು ಪಕ್ಕದ ಗೋಡೆಗಳ ಮೊದಲ ಮೂರ್ನಾಲ್ಕು ಅಡಿಗೆ ಗಾಢ ಬೂದು ಅಥವಾ ಕಡು ನೀಲಿ ಮ್ಯಾಟ್ ಪೇಂಟ್ ಹೊಡೆಸಿ. ಬಾಡಿಗೆ ಮನೆಯಾದರೆ ಪಕ್ಕಕ್ಕೆ ಗಾಢ ಬಟ್ಟೆ ಇಳಿಬಿಡಿ, ಹಗಲು ಸರಿಸಿಬಿಡಬಹುದು. ಕರ್ಟನ್ ರಾಡಿನ ಮೇಲಿನ ಸಂದು, ಬಾಗಿಲ ಕೆಳಗಿನ ಸಂದು, ಸೆಟ್‌ಟಾಪ್ ಬಾಕ್ಸಿನ ನೀಲಿ ದೀಪ, ಇವನ್ನೂ ಬಿಡಬೇಡಿ. ಇಷ್ಟು ಮಾಡಿ ಅದೇ ಸಿನಿಮಾದ ಅದೇ ರಾತ್ರಿ ದೃಶ್ಯ ಹಾಕಿ. ಹೊಸ ಪ್ರೊಜೆಕ್ಟರ್ ಬೇಕು ಅಂತ ಬಂದವರು ಇಲ್ಲಿಗೇ ನಿಂತದ್ದನ್ನು ನೋಡಿದ್ದೇನೆ.

ಬೆಂಗಳೂರಿನಲ್ಲಿ ಸೂರ್ಯ ನವೆಂಬರಿನಲ್ಲಿ ಆರು ಗಂಟೆಗೆ ಮುಂಚೆ, ಜುಲೈನಲ್ಲಿ ಸುಮಾರು ಆರೂ ಮುಕ್ಕಾಲಕ್ಕೆ ಮುಳುಗುತ್ತಾನೆ. ಏಳರ ಮೇಲೆ ವರ್ಷವಿಡೀ ಕತ್ತಲು ಪುಕ್ಕಟೆ.

ಬೆಂಗಳೂರಿಗೆ ಅಂತ ಏನಾದರೂ ವಿಶೇಷ ಎಚ್ಚರಿಕೆ ಬೇಕಾ?

ಧೂಳು. ಯಾವ ಬಡಾವಣೆಯಲ್ಲಿದ್ದರೂ ಪಕ್ಕದಲ್ಲಿ ಒಂದು ಕಟ್ಟಡ ಏಳುತ್ತಿರುತ್ತೆ. ಫಿಲ್ಟರ್ ಇರುವ ಯಂತ್ರವಾದರೆ ತಿಂಗಳಿಗೊಮ್ಮೆ ತೆಗೆದು ನೋಡಿ. ಬೆಳಕಿನ ಭಾಗ ಪೂರ್ತಿ ಮುಚ್ಚಿರುವ ಮಾದರಿ ಸಿಕ್ಕರೆ ಅದಕ್ಕೇ ನನ್ನ ಓಟು. ಯಂತ್ರ ತಣ್ಣಗಾದ ಮೇಲೆ ಹಗುರ ಬಟ್ಟೆ ಹೊದಿಸಿ.

ಕರೆಂಟು. ಲ್ಯಾಂಪ್ ಇರುವ ಪ್ರೊಜೆಕ್ಟರ್ ಆಫ್ ಮಾಡಿದ ಮೇಲೂ ಫ್ಯಾನ್ ಸ್ವಲ್ಪ ಹೊತ್ತು ತಿರುಗಬೇಕು. ಬೆಸ್ಕಾಂ ಕರೆಂಟು ನಡುವೆ ಹೋದರೆ ಲ್ಯಾಂಪ್ ಒಳಗೇ ಬೇಯುತ್ತೆ. ಚಿಕ್ಕದೊಂದು ಯುಪಿಎಸ್ ಹಾಕಿ, ಆಫ್ ಮಾಡಿ ತಣಿಸುವಷ್ಟು ಹೊತ್ತು ಸಿಕ್ಕರೆ ಸಾಕು. ಈಗಿನ ಯಂತ್ರಗಳು ಸಾಮಾನ್ಯವಾಗಿ 100ರಿಂದ 240 ವೋಲ್ಟ್‌ವರೆಗೆ ತಡೆಯುತ್ತವೆ, ಸ್ಟೆಬಿಲೈಸರ್ ಬೇಡ. ಅರ್ಥಿಂಗ್ ಸರಿ ಇರಲಿ, ಸರ್ಜ್ ಪ್ರೊಟೆಕ್ಟರ್ ಇರಲಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಪ್ಲಗ್ ಕಿತ್ತುಬಿಡಿ, ಡಿಶ್ ಕೇಬಲನ್ನೂ ಬಿಚ್ಚಿ.

ನಮ್ಮ ಊರು ಸಮುದ್ರ ಮಟ್ಟದಿಂದ 900 ಮೀಟರಿಗಿಂತ ಸ್ವಲ್ಪ ಮೇಲಿದೆ. ಮೆನುವಿನಲ್ಲಿರುವ ಹೈ ಆಲ್ಟಿಟ್ಯೂಡ್ ಮೋಡ್ ಸಾಮಾನ್ಯವಾಗಿ 1,500 ಮೀಟರ್ ದಾಟಿದವರಿಗೆ. ಹಾಕಿದರೆ ಸುಮ್ನೆ ಫ್ಯಾನ್ ಸದ್ದು.

## ಯಂತ್ರದ ಆಯ್ಕೆ

ಲ್ಯಾಂಪಾ, ಎಲ್‌ಇಡಿನಾ, ಲೇಸರಾ?

ಹೊಸದು ಕೊಳ್ಳುವುದಾದರೆ ಲೇಸರ್. ಬೆಳಕು ಅರ್ಧಕ್ಕಿಳಿಯೋಕೆ ಸುಮಾರು 20,000 ಗಂಟೆ ಅಂತ ಕಂಪನಿಗಳು ಹೇಳುತ್ತವೆ. ದಿನಕ್ಕೆ ಮೂರು ಗಂಟೆ ನೋಡಿದರೆ ಹದಿನೆಂಟು ವರ್ಷ. ತಕ್ಷಣ ಹೊತ್ತುತ್ತೆ, ತಕ್ಷಣ ಆರುತ್ತೆ. ಎಲ್‌ಇಡಿ ಕೂಡ ಬಾಳಿಕೆ ಬರುತ್ತೆ, ಬೆಳಕು ಕಡಿಮೆ. ಚಿಕ್ಕ ರೂಮಿಗೆ, 80 ಇಂಚಿಗೆ ಸಾಕು. ಲ್ಯಾಂಪ್ ಯಂತ್ರಕ್ಕೆ ಬೆಲೆ ಕಡಿಮೆ, ಆದರೆ ಆ ಮಾದರಿಗೆ ಲ್ಯಾಂಪ್ ಇಲ್ಲಿ ಸಿಗುತ್ತಾ ಅಂತ ಮೊದಲೇ ಕೇಳಿಕೊಳ್ಳಿ.

2025ರ ಸೆಪ್ಟೆಂಬರ್ 22ರಿಂದ ಪ್ರೊಜೆಕ್ಟರಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಹಳೇ ಬೆಲೆಪಟ್ಟಿ ತೋರಿಸಿದರೆ ಈ ವಿಷಯ ನೆನಪಿಸಿ.

ಡಿಎಲ್‌ಪಿ, ಎಲ್‌ಸಿಡಿ, ಎಲ್‌ಕಾಸ್: ಯಾವುದು ಒಳ್ಳೇದು?

ಡಿಎಲ್‌ಪಿ ಚಿತ್ರ ಚೂಪಾಗಿರುತ್ತೆ. ಆದರೆ ಒಂದೇ ಚಿಪ್ ಕೆಂಪು, ಹಸಿರು, ನೀಲಿಯನ್ನು ಒಂದಾದ ಮೇಲೊಂದು ತೋರಿಸೋದರಿಂದ ಕೆಲವರಿಗೆ ಕಣ್ಣು ಹೊರಳಿಸಿದಾಗ ಬಣ್ಣದ ಎಳೆಗಳು ಕಾಣುತ್ತವೆ, ತಲೆ ನೋಯುತ್ತೆ. ಮನೆಯವರನ್ನೂ ಕರೆದುಕೊಂಡು ಹೋಗಿ ಅಂಗಡಿಯಲ್ಲಿ ನೋಡಿ. ನಿಮಗೆ ಕಾಣದೇ ಇರೋದು ಅವರಿಗೆ ಕಾಣಬಹುದು. ಎಪ್ಸನ್‌ನವರ ಮೂರು ಪ್ಯಾನೆಲ್ ಎಲ್‌ಸಿಡಿಯಲ್ಲಿ ಈ ತೊಂದರೆ ಇಲ್ಲ, ಬಣ್ಣಕ್ಕೂ ಬಿಳಿಯಷ್ಟೇ ಬೆಳಕು ಬರುತ್ತೆ. ಎಲ್‌ಕಾಸ್ ಅಂದ್ರೆ ಜೆವಿಸಿಯ ಡಿ-ಐಎಲ್‌ಎ, ಸೋನಿಯ ಎಸ್‌ಎಕ್ಸ್‌ಆರ್‌ಡಿ. ಇವುಗಳ ಕಪ್ಪು ಬೇರೆಲ್ಲೂ ಸಿಗಲ್ಲ. ಬೆಲೆಯೂ ಹಾಗೇ ಇದೆ, ಮತ್ತೆ ಕೋಣೆ ಪೂರ್ತಿ ಕತ್ತಲಾಗದಿದ್ದರೆ ಕೊಟ್ಟ ಹಣ ಕಾಣೋದೇ ಇಲ್ಲ.

ಕಡಿಮೆ ಬೆಲೆಯ 4ಕೆ ನಿಜವಾದ 4ಕೆ ಅಲ್ಲ ಅಂತಾರೆ, ಹೌದಾ?

ಒಂದು ಮಟ್ಟಿಗೆ ಹೌದು. ಅಲ್ಲಿರುವ 0.47 ಇಂಚಿನ ಡಿಎಲ್‌ಪಿ ಚಿಪ್ಪಿನಲ್ಲಿ 1920×1080 ಕನ್ನಡಿಗಳಿವೆ. ಒಂದು ಗಾಜು ಅತಿ ವೇಗವಾಗಿ ಅಲುಗಿ ಅದೇ ಚುಕ್ಕೆಗಳನ್ನು ನಾಲ್ಕು ಜಾಗಕ್ಕೆ ಸರಿಸಿ ತೋರಿಸುತ್ತೆ. ಕಣ್ಣು ನಾಲ್ಕನ್ನೂ ಕೂಡಿಸಿಕೊಳ್ಳುತ್ತೆ. ಮೂರು ಮೀಟರ್ ದೂರದಿಂದ ನೂರು ಇಂಚಿನಲ್ಲಿ ವ್ಯತ್ಯಾಸ ಹುಡುಕೋದು ಕಷ್ಟ. ಅದಕ್ಕಾಗಿ ನಿದ್ದೆ ಕೆಡಿಸಿಕೊಳ್ಳಬೇಡಿ.

ಗೋಡೆ ಪಕ್ಕದಲ್ಲೇ ಇಡೋ ಅಲ್ಟ್ರಾ ಶಾರ್ಟ್ ಥ್ರೋ ಹೇಗೆ?

ಟಿವಿ ಸ್ಟ್ಯಾಂಡಿನ ಮೇಲೆ ಇಟ್ಟರೆ ಆಯ್ತು, ಸೀಲಿಂಗಿನ ಗೊಡವೆ ಇಲ್ಲ, ಎದ್ದು ಓಡಾಡಿದರೂ ನೆರಳು ಬೀಳಲ್ಲ. ಆದರೆ ಬೆಳಕು ತುಂಬ ಓರೆಯಾಗಿ ಬೀಳೋದರಿಂದ ಗೋಡೆಯ ಸಣ್ಣ ಉಬ್ಬೂ ಎದ್ದು ಕಾಣುತ್ತೆ. ಬಿಗಿಯಾದ ಫ್ರೇಮಿನ, ಮೇಲಿನ ಬೆಳಕನ್ನು ತಡೆಯುವ ವಿಶೇಷ ಪರದೆ ಬೇಕೇ ಬೇಕು. ಆ ಪರದೆಯ ಬೆಲೆ ಸೇರಿಸಿ ಲೆಕ್ಕ ಹಾಕಿ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಲೆನ್ಸ್ ಅವರ ಕಣ್ಣಿನ ಎತ್ತರಕ್ಕೇ ಇರುತ್ತೆ ಅನ್ನೋದು ನೆನಪಿರಲಿ. ಹತ್ತಿರ ಬಂದರೆ ಬೆಳಕು ತಾನೇ ತಗ್ಗುವ ಮಾದರಿಯನ್ನೇ ತಗೊಳ್ಳಿ.

ಆಫೀಸಿನವರು ಮಾರೋ ಹಳೇ ಪ್ರೊಜೆಕ್ಟರ್ ಅಗ್ಗಕ್ಕೆ ಸಿಗ್ತಿದೆ, ತಗೊಳ್ಳಲಾ?

ಈ ಊರಿನಲ್ಲಿ ಅವು ಹೇರಳ. ಆದರೆ ಹೆಚ್ಚಿನವು 1024×768 ಅಥವಾ 1280×800. ಸ್ಲೈಡು ತೋರಿಸೋಕೆ ಬಿಳಿ ಬೆಳಕು ಜಾಸ್ತಿ ಇರುತ್ತೆ, ಸಿನಿಮಾದ ಬಣ್ಣ ಸಪ್ಪೆ, ಫ್ಯಾನ್ ಸದ್ದು ಜೋರು. ಟೆರೇಸ್ ಮೇಲೆ ಮಕ್ಕಳ ಜೊತೆ ಮ್ಯಾಚ್ ನೋಡೋಕೆ ಸರಿ. ಸಿನಿಮಾಕ್ಕೆ ಬೇಡ.

## ಧ್ವನಿ ಮತ್ತು ಕೇಬಲ್

ನನ್ನ ಹಳೇ ರಿಸೀವರ್, ಸ್ಪೀಕರ್ ಎಲ್ಲ ಬದಲಿಸಬೇಕಾ?

ಸ್ಪೀಕರ್ ಖಂಡಿತ ಬೇಡ. ಫೋಮ್ ಅಂಚು ಹರಿದಿದ್ದರೆ ರಿಪೇರಿ ಮಾಡಿಸಿ. ಒಳ್ಳೇ ಸ್ಪೀಕರಿಗೆ ವಯಸ್ಸಾಗೋದು ನಿಧಾನ.

ರಿಸೀವರ್ ಅಂದ್ರೆ ಪ್ಲೇಯರಿನಿಂದ ಬಂದ ಶಬ್ದವನ್ನು ಸ್ಪೀಕರ್‌ಗಳಿಗೆ ಹಂಚುವ ಪೆಟ್ಟಿಗೆ. ಅದರ ವಿಷಯ ಹೀಗೆ. 4ಕೆಗೆ ನಕಲು ತಡೆಯುವ ಎಚ್‌ಡಿಸಿಪಿ 2.2 ಅನ್ನೋ ಬೀಗ ಇದೆ. ಹಳೇ ರಿಸೀವರ್ ಅದನ್ನು ದಾಟಿಸಲ್ಲ, ಚಿತ್ರ 1080ಕ್ಕೆ ಇಳಿಯುತ್ತೆ ಅಥವಾ ಕಪ್ಪಾಗುತ್ತೆ. ಪ್ಲೇಯರನ್ನು ನೇರ ಪ್ರೊಜೆಕ್ಟರಿಗೆ ಕೊಟ್ಟು, ಶಬ್ದವನ್ನು ಮಾತ್ರ ಆಪ್ಟಿಕಲ್ ಕೇಬಲಿನಲ್ಲಿ ರಿಸೀವರಿಗೆ ತಂದರೆ ಡಾಲ್ಬಿ ಡಿಜಿಟಲ್ 5.1 (ಐದು ಸ್ಪೀಕರ್, ಒಂದು ಸಬ್‌ವೂಫರ್) ಸಿಗುತ್ತೆ. ಅಟ್ಮಾಸ್ ಆ ದಾರಿಯಲ್ಲಿ ಬರೋದಿಲ್ಲ. ಓಟಿಟಿಯ ಅಟ್ಮಾಸ್ ಎಚ್‌ಡಿಎಂಐ ಎಆರ್‌ಸಿಯಲ್ಲಿ (ಪ್ರೊಜೆಕ್ಟರಿನಿಂದ ರಿಸೀವರಿಗೆ ಶಬ್ದವನ್ನು ತಿರುಗಿ ತರುವ ದಾರಿ) ಬರುತ್ತೆ, ಡಿಸ್ಕಿನ ಪೂರ್ತಿ ಗುಣಮಟ್ಟದ ಅಟ್ಮಾಸ್‌ಗೆ ಅದರ ಹೊಸ ರೂಪ ಇ-ಎಆರ್‌ಸಿ ಬೇಕು ಅಥವಾ ಹೊಸ ರಿಸೀವರ್. ಅವಸರವಿಲ್ಲ. ಚೆನ್ನಾಗಿ ಕೂರಿಸಿದ 5.1 ಈಗಲೂ ಮೈ ಜುಮ್ಮೆನ್ನಿಸುತ್ತೆ.

ಎಷ್ಟು ಉದ್ದದ ಎಚ್‌ಡಿಎಂಐ ಕೇಬಲ್ ಹಾಕಬಹುದು?

ತಾಮ್ರದ್ದಾದರೆ ಐದು ಮೀಟರ್ ಒಳಗೆ, 18 ಜಿಬಿಪಿಎಸ್ ಪ್ರಮಾಣಪತ್ರ ಇರುವುದನ್ನು ತಗೊಳ್ಳಿ. ಅದಕ್ಕಿಂತ ಉದ್ದ ಬೇಕಾದರೆ ಫೈಬರ್ ಎಚ್‌ಡಿಎಂಐ. ಎಸ್.ಪಿ. ರಸ್ತೆಯಲ್ಲಿ ಎರಡೂ ಸಿಗುತ್ತವೆ. ಫೈಬರಿಗೆ ದಿಕ್ಕಿದೆ, ಸೋರ್ಸ್ ಅಂತ ಬರೆದ ತುದಿ ಪ್ಲೇಯರ್ ಕಡೆಗೇ ಇರಬೇಕು. ಗೋಡೆಯೊಳಗೆ ಎಳೆಯುವ ಮುಂಚೆ ನೆಲದ ಮೇಲೆ ಹಾಸಿ ಒಂದು ಪೂರ್ತಿ ಸಿನಿಮಾ ಓಡಿಸಿ ನೋಡಿ. ಪೈಪ್ ದೊಡ್ಡದಿರಲಿ, ಒಳಗೆ ಒಂದು ಎಳೆ ದಾರ ಬಿಟ್ಟಿರಲಿ. ಮುಂದೆ ಕೇಬಲ್ ಬದಲಿಸುವ ದಿನ ಬಂದೇ ಬರುತ್ತೆ.

ಸಬ್‌ವೂಫರ್ ಹಾಕಿದರೆ ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟುತ್ತಾರೆ. ಏನು ಮಾಡೋದು?

ಅವರ ಬೇಸರ ನ್ಯಾಯವೇ. ಬಾಸ್ ಸ್ಲ್ಯಾಬಿನ ಮೂಲಕ ಇಳಿಯುತ್ತೆ, ಗೋಡೆಗೆ ಫೋಮ್ ಅಂಟಿಸಿದರೆ ನಿಲ್ಲಲ್ಲ. ಸಬ್‌ವೂಫರನ್ನು ಮೂಲೆಯಿಂದ ಈಚೆ ತನ್ನಿ, ಕೆಳಗೆ ದಪ್ಪ ರಬ್ಬರ್ ಪ್ಯಾಡ್ ಇಡಿ, ರಿಸೀವರಿನ ನೈಟ್ ಮೋಡ್ ಹಾಕಿ. ಹತ್ತು ಗಂಟೆ ಮೇಲೆ ಸಬ್ ಆಫ್ ಮಾಡಿ. ಮಾತು ಸ್ಪಷ್ಟವಾಗಿ ಕೇಳಬೇಕು ಅಂದರೆ ವಾಲ್ಯೂಮ್ ಏರಿಸೋದಕ್ಕಿಂತ ಸೆಂಟರ್ ಸ್ಪೀಕರನ್ನು ಕಿವಿಯ ಕಡೆಗೆ ತಿರುಗಿಸಿ, ಅದನ್ನಷ್ಟೇ ಸ್ವಲ್ಪ ಹೆಚ್ಚಿಸಿ.

## ಕೈ ಪಳಗಿದ ಮೇಲೆ

ಎಚ್‌ಡಿಆರ್ ಹಾಕಿದರೆ ಚಿತ್ರ ಇನ್ನೂ ಕತ್ತಲಾಗುತ್ತೆ. ಯಾಕೆ?

ಎಚ್‌ಡಿಆರ್ ಸಿನಿಮಾಗಳನ್ನು 1,000 ನಿಟ್ಸ್ (ಪರದೆಯ ಹೊಳಪಿನ ಅಳತೆ) ಅಥವಾ ಅದಕ್ಕೂ ಮೇಲಿನ ಬೆಳಕಿಗೆ ಸಿದ್ಧ ಮಾಡಿರುತ್ತಾರೆ. ನಿಮ್ಮ ಪರದೆಗೆ ನಿಜವಾಗಿ 1,000 ಲುಮೆನ್ಸ್ ತಲುಪಿದರೂ ನೂರು ಇಂಚಿನಲ್ಲಿ ಅದು ಸುಮಾರು 115 ನಿಟ್ಸ್. ಹಾಗಾಗಿ ಪ್ರೊಜೆಕ್ಟರ್ ಆ ಇಡೀ ಹರವನ್ನು ಕುಗ್ಗಿಸಬೇಕು. ಇದಕ್ಕೆ ಟೋನ್ ಮ್ಯಾಪಿಂಗ್ ಅಂತಾರೆ. ದೃಶ್ಯಕ್ಕೆ ತಕ್ಕಂತೆ ಇದನ್ನು ಮಾಡುವ ಯಂತ್ರದಲ್ಲಿ ಎಚ್‌ಡಿಆರ್ ಚೆನ್ನಾಗಿರುತ್ತೆ. ಉಳಿದವುಗಳಲ್ಲಿ ಪ್ಲೇಯರನ್ನೇ ಎಸ್‌ಡಿಆರ್‌ಗೆ, ಅಂದ್ರೆ ಹಳೇ ಮಾಮೂಲಿ ಹರವಿಗೆ, ಇಳಿಸಿ ನೋಡಿ, ಎಷ್ಟೋ ಸಲ ಅದೇ ಚೆನ್ನ. ಚಿತ್ರಮಂದಿರದ ಮಾಮೂಲಿ ಪರದೆಯ ಮಾನದಂಡ 48 ನಿಟ್ಸ್ ಮಾತ್ರ. ನೀವು ಅದಕ್ಕಿಂತ ಮೇಲಿದ್ದೀರಿ.

ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತಲ್ಲ, ಅದನ್ನು ತೆಗೆಯೋದು ಹೇಗೆ?

ಜೂಮ್ ಮಾಡಿ ಚಿತ್ರದ ಪಕ್ಕ ಕತ್ತರಿಸಬೇಡಿ. ಸ್ಕೋಪ್ ಸಿನಿಮಾ 2.39:1 ಅಳತೆಯಲ್ಲಿರುತ್ತೆ. ಕನ್ನಡಕ್ಕೆ ಸಿನಿಮಾಸ್ಕೋಪ್ ಬಂದದ್ದು 1977ರಲ್ಲಿ. ಈಗ ನಮ್ಮ ದೊಡ್ಡ ಸಿನಿಮಾಗಳು ಹೆಚ್ಚಾಗಿ ಅದರಲ್ಲೇ. ನಿಮ್ಮ ನೂರು ಇಂಚಿನಲ್ಲಿ ಅಂಥ ಚಿತ್ರ ಸುಮಾರು 93 ಸೆಂಟಿಮೀಟರ್ ಎತ್ತರ ಮಾತ್ರ ತುಂಬುತ್ತೆ. ವೆಲ್ವೆಟ್ ಸುತ್ತಿದ ಎರಡು ತೆಳು ಹಲಗೆ ಮಾಡಿಸಿ ಆ ಪಟ್ಟಿಗಳ ಮೇಲೆ ಕೂರಿಸಿ, ಬೇಡದಾಗ ತೆಗೆಯಿರಿ. ಸ್ಕೋಪನ್ನೇ ಜಾಸ್ತಿ ನೋಡುವವರು ಅಗಲದ ಪರದೆ ಮತ್ತು ಜೂಮ್ ನೆನಪಿಟ್ಟುಕೊಳ್ಳುವ ಲೆನ್ಸಿನ ಪ್ರೊಜೆಕ್ಟರ್ ಬಗ್ಗೆ ಯೋಚಿಸಬಹುದು.

ಕ್ಯಾಮೆರಾ ನಿಧಾನಕ್ಕೆ ಸರಿದಾಗ ಚಿತ್ರ ತಡವರಿಸುತ್ತೆ. ನೆಟ್ ಸಮಸ್ಯೆನಾ?

ಬಹುಪಾಲು ಅಲ್ಲ. ಸಿನಿಮಾ ಸೆಕೆಂಡಿಗೆ 24 ಚಿತ್ರ. ಸ್ಟ್ರೀಮಿಂಗ್ ಸ್ಟಿಕ್ 60ರಲ್ಲಿ ಕಳಿಸಿದರೆ ಒಂದು ಚಿತ್ರ ಎರಡು ಸಲ, ಮುಂದಿನದು ಮೂರು ಸಲ ಬಂದು ಎಡವಿದ ಹಾಗಾಗುತ್ತೆ. ಸೆಟ್ಟಿಂಗ್ಸಿನಲ್ಲಿ ಮ್ಯಾಚ್ ಫ್ರೇಮ್ ರೇಟ್ ಆನ್ ಮಾಡಿ. ಮೋಶನ್ ಸ್ಮೂದಿಂಗ್ ಹಾಕಿದರೆ ಸಿನಿಮಾ ಧಾರಾವಾಹಿ ತರಹ ಕಾಣುತ್ತೆ. ಕ್ರಿಕೆಟಿಗೆ ಇರಲಿ, ಸಿನಿಮಾಕ್ಕೆ ಆಫ್.

ಡಬ್ಬಗಟ್ಟಲೆ ವಿಸಿಡಿ, ಡಿವಿಡಿ ಇವೆ. ಓಟಿಟಿ ಕಾಲದಲ್ಲಿ ಇಟ್ಟುಕೊಳ್ಳಬೇಕಾ?

ಇಟ್ಟುಕೊಳ್ಳಿ, ದಯವಿಟ್ಟು. ಓಟಿಟಿಯಲ್ಲಿ ಇವತ್ತಿದ್ದ ಹಳೇ ಕನ್ನಡ ಸಿನಿಮಾ ನಾಳೆ ಇರಲ್ಲ. ಕೆಲವಂತೂ ಆ ಡಿಸ್ಕು ಬಿಟ್ಟರೆ ಒಳ್ಳೇ ರೂಪದಲ್ಲಿ ಎಲ್ಲೂ ಕೈಗೆ ಸಿಗಲ್ಲ. ಡಿವಿಡಿ 720×576, ನೂರು ಇಂಚಿನಲ್ಲಿ ಮೃದುವಾಗಿ ಕಂಡರೂ ನೋಡಬಹುದು. ವಿಸಿಡಿ 352×288 ಮಾತ್ರ. ಅದನ್ನು ಜೂಮ್ ತಗ್ಗಿಸಿ 60 ಇಂಚಿನಲ್ಲಿ ನೋಡಿ. ಹಳೇ 4:3 ಚಿತ್ರಗಳನ್ನು ಪಕ್ಕಕ್ಕೆ ಎಳೆಯಬೇಡಿ, ನಮ್ಮ ನಟರ ಮುಖ ಅಗಲವಾಗೋದು ನೋಡೋಕಾಗಲ್ಲ.

ಗುಣಮಟ್ಟದ ಮಾತಿಗೆ ಬಂದರೂ ಡಿಸ್ಕೇ ಮುಂದೆ. ಓಟಿಟಿಯ 4ಕೆ ಸಾಮಾನ್ಯವಾಗಿ ಸೆಕೆಂಡಿಗೆ 15ರಿಂದ 25 ಮೆಗಾಬಿಟ್ ಸುತ್ತಮುತ್ತ. 2016ರಲ್ಲಿ ಬಂದ 4ಕೆ ಬ್ಲೂ-ರೇಯಲ್ಲಿ 128ರವರೆಗೆ ಹೋಗಬಹುದು. ಕತ್ತಲ ದೃಶ್ಯ, ಮಂಜು, ಹೊಗೆ ಬಂದಾಗ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತೆ. ಡಿಸ್ಕುಗಳಿಗೆ ಪ್ರದೇಶವಾರು ಬೀಗ ಇರುತ್ತೆ, ಅದಕ್ಕೆ ರೀಜನ್ ಅಂತಾರೆ. ವಿದೇಶದಿಂದ ತರಿಸುವಾಗ ನೋಡಿಕೊಳ್ಳಿ: ನಮ್ಮದು ಡಿವಿಡಿಗೆ ರೀಜನ್ 5, ಮಾಮೂಲಿ ಬ್ಲೂ-ರೇಗೆ ರೀಜನ್ ಸಿ. 4ಕೆ ಡಿಸ್ಕಿಗೆ ರೀಜನ್ ಬೀಗ ಇಲ್ಲ.

3ಡಿ ಇನ್ನೂ ಇದೆಯಾ?

ಟಿವಿಗಳಲ್ಲಿ 2017ರ ಹೊತ್ತಿಗೆ ನಿಂತುಹೋಯ್ತು. ಪ್ರೊಜೆಕ್ಟರ್‌ಗಳಲ್ಲಿ ಇನ್ನೂ ಸಿಗುತ್ತೆ. ಹಳೇ 3ಡಿ ಬ್ಲೂ-ರೇ ಇದ್ದವರು ಆ ಮಾದರಿಯನ್ನೇ ಹುಡುಕಿ.

ಒಟ್ಟು ಹಣ ಇಷ್ಟೇ ಅಂತ ಇದೆ. ಯಾವುದಕ್ಕೆ ಎಷ್ಟು ಹಾಕಲಿ?

ಮೊದಲ ಕಂತು ಕೋಣೆಗೆ: ಕರ್ಟನ್, ಪೇಂಟ್, ಜಮಖಾನ, ವೆಲ್ವೆಟ್. ಎರಡನೇ ಕಂತು ಪರದೆ ಕಡೆಯ ಮೂರು ಸ್ಪೀಕರಿಗೆ (ಎಡ, ನಡು, ಬಲ), ಹಳೆಯವು ಇಲ್ಲದಿದ್ದರೆ. ಉಳಿದದ್ದು ಪ್ರೊಜೆಕ್ಟರಿಗೆ. ಅಂಗಡಿಯವರು ಹೇಳುವ ಕ್ರಮ ಇದಕ್ಕೆ ತಿರುಗುಮುರುಗು. ಕರ್ಟನ್ ಮಾರೋದು ಅವರ ಕೆಲಸ ಅಲ್ವಲ್ಲ. ಪ್ರೊಜೆಕ್ಟರ್ ಆರಿಸುವಾಗ ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಸಿನಿಮಾ ತಗೊಂಡು ಹೋಗಿ. ಅದರಲ್ಲಿ ಒಂದು ರಾತ್ರಿ ದೃಶ್ಯ, ಒಂದು ಬಿಸಿಲಿನ ದೃಶ್ಯ, ಒಂದು ಮುಖದ ಕ್ಲೋಸಪ್ ನೋಡಿ. ಡೆಮೋದಲ್ಲಿ ಅವರು ಹಾಕುವ ಬಣ್ಣದ ಹಕ್ಕಿ, ಹೂವುಗಳಿಂದ ಏನೂ ಗೊತ್ತಾಗಲ್ಲ. ವಿವಿಡ್ ಮೋಡ್ ತೆಗೆಸಿ, ಸಿನಿಮಾ ಮೋಡಿನಲ್ಲೇ ತೋರಿಸಿ ಅಂತ ಕೇಳಿ. ಅಂಗಡಿಯ ದೀಪಗಳನ್ನೂ ಆರಿಸಲು ಹೇಳಿ. ಅಷ್ಟು ಮಾಡೋಕೆ ಒಪ್ಪದ ಅಂಗಡಿಯಲ್ಲಿ ಕೊಳ್ಳಬೇಡಿ.